ಇಬ್ಬರಿಗಾಗುವಷ್ಟು ಹನಿ

ಹೈದರಾಬಾದಿನ ನಾಂಪಲ್ಲಿ ಸ್ಟೇಷನ್ ಬರುವುದರೊಳಗೆ ನಾನು ಆ ಮೂವರಿಗೂ ನಾಲ್ಕು ಮಾತು ಬಾಯಿಪಾಠ ಮಾಡಿಸಿದ್ದೆ. ನನ್ನ ಸೊಂಟಕ್ಕೆ ಕಟ್ಟಿದ ಧೋತರದ ಹಿಡಿ ಬಿಡಬಾರದು. ಗುರುತಿಲ್ಲದವರು ಕೊಟ್ಟದ್ದನ್ನು ತಿನ್ನಬಾರದು, ಕುಡಿಯಬಾರದು. ಎಲ್ಲಿಂದ ಬಂದಿರಿ ಎಂದು ಯಾರು ಕೇಳಿದರೂ ಉತ್ತರ ಕೊಡುವವನು ನಾನು. ಕೂರಿಸಿದ ಜಾಗದಿಂದ, ನಾನೇ ಬಂದು ಕೈ ಹಿಡಿದು ಎಬ್ಬಿಸುವವರೆಗೆ, ಏಳಬಾರದು.

ಮೂವರಿಗೂ ಕಣ್ಣು ಕಾಣುತ್ತಿರಲಿಲ್ಲ. ಒಬ್ಬ ಮಣ್ಣೂರಿನ ಅಂಬಿಗ, ಅರವತ್ತು ದಾಟಿದ ಆಳು. ಭೀಮಾ ನದಿಯಲ್ಲಿ ದೋಣಿ ಹಾಕಿ ಹಾಕಿ ಭುಜ ಮಾತ್ರ ಇನ್ನೂ ಗಟ್ಟಿಯಾಗಿದ್ದವು. ಇನ್ನೊಬ್ಬ ಜೇವರ್ಗಿಯ ದರ್ಜಿ. ನಲವತ್ತೈದಕ್ಕೇ ಪೊರೆ ಬಂದಿತ್ತು. ಹೊಲಿಗೆ ಯಂತ್ರ ಒಂದು ವರ್ಷದಿಂದ ಮುಚ್ಚಿಟ್ಟಿದ್ದ, ಅದರ ಸಂಕಟ ಅವನ ಪ್ರತಿಯೊಂದು ಮಾತಿನಲ್ಲೂ ಇತ್ತು. ಮೂರನೆಯವರು ಆಳಂದ ತಾಲ್ಲೂಕಿನ ಹಿರೋಳ್ಳಿಯ ಮುದುಕಿ. ಊರಲ್ಲಿ ಎಲ್ಲರೂ ಬೂಬಮ್ಮ ಎನ್ನುತ್ತಿದ್ದರಂತೆ, ನಾನೂ ಹಾಗೇ ಕರೆದೆ. ಮನೆಯಲ್ಲಿ ದಖನಿ, ಹೊಲದಲ್ಲಿ ಕನ್ನಡ, ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವರು.

ನಾನು ಅಫಜಲಪುರದ ಸರ್ಕಾರಿ ದವಾಖಾನೆಯ ಕಂಪೌಂಡರ್. ಅದು ೧೯೪೮ನೆಯ ಇಸವಿ, ಮಳೆಗಾಲ ಆಗಷ್ಟೇ ಹಿಡಿದಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷವಾಗುತ್ತ ಬಂದರೂ ಹೈದರಾಬಾದ್ ಸಂಸ್ಥಾನ ಬೇರೆಯೇ ಉಳಿದಿತ್ತು. ಗಡಿಯಾಚೆಯಿಂದ ಪೆಟ್ರೋಲು, ಔಷಧ ಬರುವುದು ನಿಂತಿತ್ತು. ಹಳ್ಳಿಗಳಲ್ಲಿ ಸಂಸ್ಥಾನದ ಪರ ಖಾಕಿ ತೊಟ್ಟ ಸ್ವಯಂಸೇವಕರ ದಂಡು ತಿರುಗುತ್ತಿತ್ತು. ಇಂಥ ಹೊತ್ತಿನಲ್ಲಿ ಮೂವರು ಕುರುಡರನ್ನು ರಾಜಧಾನಿಗೆ ಕರೆದೊಯ್ಯುವುದು ಯಾರಿಗೂ ಬೇಡವಾದ ಕೆಲಸ. ಆದರೆ ನಮ್ಮ ಡಾಕ್ಟರ್ ಸಾಹೇಬರು ಅಂಬಿಗನ ಕಣ್ಣಿಗೆ ದೀಪ ಹಿಡಿದು ನೋಡಿ ಹೇಳಿದ್ದರು: "ಗಲಾಟಿ ಮುಗೀಲಿ ಅಂತ ಕುಂತ್ರ ಪೊರಿ ಕಾಯಾಂಗಿಲ್ಲ. ಹಣ್ಣಾಗಿ ಹೋಗ್ಯದ. ಒಳಗೇ ಒಡದ್ರ ಕಣ್ಣೇ ಹೋಗ್ತದ." ಆಳಂದ ಮತ್ತು ಜೇವರ್ಗಿಯ ದವಾಖಾನೆಗಳಿಂದಲೂ ಒಬ್ಬೊಬ್ಬರ ಚೀಟಿ ಬಂದಿತ್ತು. ಮೂವರಿಗೂ ಸೇರಿ ಒಬ್ಬನೇ ಸಾಕು ಎಂದು ನನ್ನನ್ನು ಕಳಿಸಿದರು. ಪಟ್ಟಣವನ್ನು ನಾನು ಅದಕ್ಕೆ ಮೊದಲು ನೋಡಿದ್ದು ಒಂದೇ ಸಲ, ಕಂಪೌಂಡರ್ ಪರೀಕ್ಷೆ ಬರೆಯಲು ಹೋದಾಗ.

ಬಸ್ಸು ಇರಲಿಲ್ಲ. ಅಂಬಿಗನನ್ನು ಎತ್ತಿನ ಬಂಡಿಯಲ್ಲಿ ಕಲಬುರಗಿಗೆ ತಂದೆ. ಉಳಿದಿಬ್ಬರು ಸ್ಟೇಷನ್ನಿನಲ್ಲೇ ಬಂದು ಸೇರಿದರು. ಬೂಬಮ್ಮನವರನ್ನು ಬಿಡಲು ಬಂದ ಮಗ ನನ್ನ ಕೈ ಹಿಡಿದು, "ನಮ್ಮವ್ವನ್ನ ಎಲ್ಲೂ ಒಬ್ಬಾಕಿನ್ನ ಬಿಡಬ್ಯಾಡ್ರಿ" ಎಂದ. ಬಿಡುವುದಿಲ್ಲ ಎಂದೆ. ಗಾಡಿಯಲ್ಲಿ ದರ್ಜಿ ಒಂದು ಒಳ್ಳೆಯ ಕೆಲಸ ಮಾಡಿದ. ದವಾಖಾನೆಯ ಹೆಸರು, ನನ್ನ ಹೆಸರು ಬರೆದ ಚೀಟಿಗಳನ್ನು ಮೂವರ ಅಂಗಿ-ಕುಪ್ಪಸದ ಒಳಗೆ ಸಣ್ಣ ಕಿಸೆ ಮಾಡಿ ಹೊಲಿದ. ನಾಲಿಗೆಯಿಂದಲೇ ಸೂಜಿಗೆ ದಾರ ಪೋಣಿಸಿದ. ಅವನು ಹೊಲಿದದ್ದನ್ನು ಮುಟ್ಟಿ ನೋಡಿದ ಬೂಬಮ್ಮ, "ಕಣ್ಣ್ಯಾಕ ಬೇಕ್ರಿ ಇಂವಗ" ಎಂದು ನಕ್ಕರು.

ನನ್ನ ಮೂರನೆಯ ನಿಯಮ ವಾಡಿ ಜಂಕ್ಷನ್ನಿನಲ್ಲೇ ಮುರಿಯಿತು. ಗಾಡಿ ಬದಲಿಸುವಾಗ ಖಾಕಿಯವರು ಐದಾರು ಮಂದಿ ಅಡ್ಡಬಂದರು. ಎಲ್ಲಿಂದ, ಯಾಕೆ, ಗಂಟಿನಲ್ಲೇನು. ನಾನು ಚೀಲದಲ್ಲಿ ದವಾಖಾನೆಯ ಚೀಟಿ ಹುಡುಕತೊಡಗಿದೆ. ಅಷ್ಟರಲ್ಲಿ ಬೂಬಮ್ಮ ಧೋತರದ ಸಾಲಿನ ಕೊನೆಯಿಂದ ಮುಂದೆ ಬಂದು, "ಹಮನಾ ಕ್ಯಾ ದಿಖತಾ ಬೇಟಾ, ಹಮ್ ತೀನೋ ಅಂಧೇ" ಎಂದರು. ನಮಗೇನು ಕಾಣುತ್ತದಪ್ಪಾ, ಮೂವರೂ ಕುರುಡರು ಎಂದು. ಆಮೇಲೆ ನನ್ನ ಕಡೆ ಕೈ ತೋರಿಸಲು ಹೋಗಿ ಒಂದು ಕಂಬದ ಕಡೆ ತೋರಿಸಿ, ಈ ಸಾಬ್ ನಮ್ಮ ಕೋಲು ಎಂದರು. ಖಾಕಿಯವರಲ್ಲಿ ಒಬ್ಬ ನಕ್ಕುಬಿಟ್ಟ. ನಮ್ಮನ್ನು ಬಿಟ್ಟರು. ಅಲ್ಲಿಂದ ಮುಂದೆ ಯಾರು ತಡೆದರೂ ಮಾತು ಅವರದೇ ಆಯಿತು.

ಪಟ್ಟಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲೆಲ್ಲಿಂದಲೋ ಹೆದರಿ ಬಂದ ಜನ ಸ್ಟೇಷನ್ನಿನ ಅಂಗಳದಲ್ಲೇ ಒಲೆ ಹೂಡಿದ್ದರು. ನಾನು ಮುಂದೆ, ನನ್ನ ಸೊಂಟಕ್ಕೆ ಕಟ್ಟಿದ ಧೋತರ ಹಿಡಿದು ಮೂವರು ಹಿಂದೆ. ತಗ್ಗು ಬಂದರೆ "ತಗ್ಗು", ಮೆಟ್ಟಿಲು ಬಂದರೆ "ಮೆಟ್ಲು" ಎಂದು ಕೂಗುತ್ತ ನಡೆದೆ. ದವಾಖಾನೆಯ ಹತ್ತಿರದ ಮುಸಾಫಿರಖಾನೆಯಲ್ಲಿ ಬೂಬಮ್ಮನವರಿಗೆ ಹೆಂಗಸರ ಕೋಣೆಯಲ್ಲಿ ಒಂದು ಮೂಲೆ, ನಮಗೆ ಪಡಸಾಲೆಯಲ್ಲಿ ಚಾಪೆಯಷ್ಟು ಜಾಗ ಸಿಕ್ಕಿತು.

ಮರುದಿನ ಬೆಳಿಗ್ಗೆಯೇ ದವಾಖಾನೆಗೆ ಹೋದೆವು. ಕಣ್ಣಿನ ಡಾಕ್ಟರರು ವಯಸ್ಸಾದವರು, ಮಾತು ಕಡಿಮೆ. ಮೂವರನ್ನೂ ಕತ್ತಲೆ ಕೋಣೆಯಲ್ಲಿ ಕೂರಿಸಿ ನೋಡಿದರು. ದೀಪವನ್ನು ನಾಲ್ಕು ಕಡೆ ಹಿಡಿದು ಯಾವ ಕಡೆ ಬೆಳಕು ಎಂದು ಕೇಳಿದರು. ಮೂವರೂ ಸರಿಯಾಗಿ ಹೇಳಿದರು. ಹಿಂದಿನ ಪರದೆ ಚೆನ್ನಾಗಿದೆ, ಪೊರೆ ತೆಗೆದರೆ ಕಾಣುತ್ತದೆ ಎಂದರು. ನನ್ನ ಎದೆ ಹಗುರಾಯಿತು. ಕೂಡಲೇ ಇನ್ನೊಂದು ಮಾತು ಹೇಳಿದರು: ಕಣ್ಣು ಜಡ ಮಾಡುವ ಕೊಕೇನ್ ಹನಿ ಇಲ್ಲ. ಬರಬೇಕು. ಬಂದ ದಿನ ನೋಡೋಣ, ದಿನಾ ಬಂದು ಕೂತಿರಿ.

ಹೀಗೆ ಕೂರುವುದು ಶುರುವಾಯಿತು. ಬೆಳಿಗ್ಗೆ ಏಳಕ್ಕೆ ಸಾಲು ಕಟ್ಟಿಕೊಂಡು ಹೋಗುವುದು, ಮೂವರನ್ನೂ ದವಾಖಾನೆಯ ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸುವುದು, ನಾನು ಔಷಧದ ಕೋಣೆ, ಗುಮಾಸ್ತರ ಮೇಜು, ಡಾಕ್ಟರರ ಬಾಗಿಲು ಎಂದು ಸುತ್ತುವುದು. ಮಧ್ಯಾಹ್ನ ರೊಟ್ಟಿ ಬಿಚ್ಚುವುದು. ಒಬ್ಬೊಬ್ಬರನ್ನೇ ಕೈ ಹಿಡಿದು ಪಾಯಖಾನೆಗೆ ಒಯ್ಯುವುದು. ಬೂಬಮ್ಮನವರನ್ನು ಅಲ್ಲಿನ ಆಯಾ ಕರೆದುಕೊಂಡು ಹೋಗುತ್ತಿದ್ದಳು. ಸಂಜೆ ಅಂಗಡಿ ಮುಚ್ಚುವುದರೊಳಗೆ ಮರಳುವುದು. ಬೀದಿಯಲ್ಲಿ ದಿನಕ್ಕೊಂದು ಮೆರವಣಿಗೆ. ದಿನಕ್ಕೊಂದು ಸುದ್ದಿ. ನಾಲ್ಕನೆಯ ದಿನಕ್ಕೆ ನನಗೆ ಕೂತಲ್ಲೇ ತೂಕಡಿಕೆ ಬರತೊಡಗಿತು. ಇಡೀ ದಿನ ನಾಲ್ವರ ಪರವಾಗಿ ನೋಡುತ್ತ ನೋಡುತ್ತ ಕಣ್ಣು ಉರಿಯುತ್ತಿದ್ದವು.

ದವಾಖಾನೆಯ ಎದುರಿನ ಬೀದಿಯಲ್ಲೇ ಸೂಜಿಯವನ ಮಾತು ಮೊದಲು ಕೇಳಿದ್ದು. ಹಳೆಯ ಕಾಲದಿಂದ ಬಂದ ಕಸುಬು ಅದು. ಕಣ್ಣಿನ ಬದಿಯಿಂದ ಸೂಜಿ ಚುಚ್ಚಿ ಪೊರೆಯನ್ನು ಕಣ್ಣೊಳಗೇ ಕೆಳಕ್ಕೆ ನೂಕುತ್ತಾರೆ. ಬೆಳಕಿಗೆ ಅಡ್ಡವಾಗಿದ್ದದ್ದು ಸರಿಯುವುದರಿಂದ ಆ ಗಳಿಗೆಯಲ್ಲೇ ಕಾಣುತ್ತದೆ. ಆದರೆ ಪೊರೆ ಹೊರಗೆ ಬಂದಿರುವುದಿಲ್ಲ. ಒಳಗೆ ಕೊಳೆಯುತ್ತದೆ, ಇಲ್ಲವೇ ಸೂಜಿಯ ಹೊಲಸು ಕೀವು ಕಟ್ಟಿಸುತ್ತದೆ. ಇದನ್ನು ಮೂವರಿಗೂ ಬಿಡಿಸಿ ಹೇಳಿದೆ. ಮೂವರೂ ಹೂಂ ಎಂದರು.

ಐದನೆಯ ದಿನ ಗುಮಾಸ್ತರು ಯಾವುದೋ ಕಾಗದಕ್ಕೆ ಸಹಿ ಬೇಕೆಂದು ನನ್ನನ್ನು ಹಿಂದಿನ ಕಟ್ಟಡಕ್ಕೆ ಕಳಿಸಿದರು. ಮರಳಿ ಬಂದಾಗ ಜಗಲಿಯ ಮೇಲೆ ಇಬ್ಬರೇ ಇದ್ದರು. ಧೋತರದ ತುದಿ ಅಂಬಿಗನ ತೊಡೆಯ ಮೇಲಿತ್ತು.

"ದರ್ಜಿ ಎಲ್ಲಿ?"

"ಒಬ್ಬಾವ ಬಂದಿದ್ದರಿ," ಎಂದ ಅಂಬಿಗ. "ನಮ್ಮ ಮಾತೇ ಆಡ್ತಿದ್ದ. ಯಾವೂರು ಅಂದ. ಇಂವ ಜೇವರ್ಗಿ ಅಂದ. ಅಯ್ಯ, ಅದು ನಮ್ಮ ಸೋದರತ್ತಿ ಊರು ಅಂದ. ಹಿಂಗ ಮಾತಾಡ್ತ ಮಾತಾಡ್ತ ಎದ್ದು ಹೋದ್ರು. ನಾ ಬ್ಯಾಡ ಅಂದೆ, ಕೇಳಲಿಲ್ಲ."

ಆವತ್ತಿನವರೆಗೆ ನಾನು ಅವರಿಗೆ ಹೇಳಿದ್ದೆಲ್ಲ ಉರ್ದು ಆಡುವವರು, ತೆಲುಗು ಆಡುವವರು, ಖಾಕಿ ತೊಟ್ಟವರು ಬಂದರೆ ಏನು ಮಾಡಬೇಕು ಎಂಬುದನ್ನೇ. ಕನ್ನಡ ಆಡುವವನು ಬಂದರೆ ಏನು ಮಾಡಬೇಕೆಂದು ಹೇಳಿರಲಿಲ್ಲ. ನನಗೇ ಹೊಳೆದಿರಲಿಲ್ಲ. ಐದು ದಿನ ಪರಭಾಷೆಯ ಗದ್ದಲದಲ್ಲಿ ಕತ್ತಲಲ್ಲಿ ಕೂತವನಿಗೆ ತನ್ನ ಊರಿನ ಮಾತು ಕಿವಿಗೆ ಬಿದ್ದರೆ ಎದ್ದು ಹೋಗದೆ ಇರುತ್ತಾನೆಯೇ?

"ಯಾ ಕಡಿ ಹೋದ್ರು ಕಾಕಾ?"

ಅಂಬಿಗ ಕತ್ತು ಓರೆ ಮಾಡಿ ಆಲಿಸಿದ. "ಟಾಂಗಾ ಕುದುರಿ ನಿಲ್ಲೂ ಜಾಗಾ ದಾಟಿದ್ರು. ಆಮ್ಯಾಲ ಬಲಕ್ಕ. ತಾಮ್ರ ಬಡಿಯೂ ಸಪ್ಪಳ ಕೇಳ್ತದ ನೋಡ್ರಿ, ಆ ಸಪ್ಪಳದಾಗ ಅವರ ದನಿ ಮುಳುಗ್ತು."

ಆಯಾಳಿಗೆ ಇಬ್ಬರನ್ನೂ ಒಪ್ಪಿಸಿ ಓಡಿದೆ. ತಾಮ್ರದವರ ಓಣಿ ಸಿಕ್ಕಿತು. ಅದರ ಹಿಂದೆ ಸಣ್ಣ ಸಂದಿ. ಒಂದು ಅಂಗಳದಲ್ಲಿ ಚಾಪೆ ಹಾಸಿತ್ತು. ಚಾಪೆಯ ಮೇಲೆ ನಮ್ಮ ದರ್ಜಿ, ಬಲಗಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ. ನನ್ನ ಹೆಜ್ಜೆ ಸಪ್ಪಳ ಗುರುತಿಸಿ ಕೂಗಿದ:

"ಕಂಡ್ತರೀ ಕಂಪೌಂಡರ್ ಸಾಬ್! ಬೆರಳು ಎಣಸಿದೆ ನಾ. ಮೊದಲ ಮೂರು ತೋರಿಸಿದ್ರು, ಆಮ್ಯಾಲ ಐದು. ಒಂದೂ ತಪ್ಪಲಿಲ್ಲ!"

ಸೂಜಿಯವನು ಬಹಳ ವಿನಯದವನು. ಬರ್ರಿ ಕುಂದ್ರಿರಿ ಎಂದ. ನಾನು ನೋಡುತ್ತಿದ್ದಂತೆಯೇ ಸೂಜಿಯನ್ನು ಬಾಯಲ್ಲಿಟ್ಟು ಒದ್ದೆ ಮಾಡಿ, ಉಟ್ಟ ಧೋತರಕ್ಕೆ ಒರೆಸಿ, ಡಬ್ಬಿಯೊಳಗೆ ಇಟ್ಟ. ಎರಡನೆಯ ಕಣ್ಣು ನಾಳೆ ಮಾಡೋಣ ಎಂದ. ನಾನು ಜಗಳ ಆಡಲಿಲ್ಲ. ಆ ಅಂಗಳದಲ್ಲಿ ನಾನೊಬ್ಬನೇ ಹೊರಗಿನವನು, ಬಾಗಿಲಲ್ಲಿ ಅವನ ಕಡೆಯವರು ನಾಲ್ಕು ಜನ ನಿಂತಿದ್ದರು. ದರ್ಜಿಯ ತೋಳು ಹಿಡಿದು ಎಬ್ಬಿಸಿ ಕರೆತಂದೆ. ದಾರಿಯುದ್ದಕ್ಕೂ ಅವನು ನಗುತ್ತಿದ್ದ. ನಾನು ಆ ನಗು ಇನ್ನೆಷ್ಟು ದಿನದ್ದು ಎಂದು ಲೆಕ್ಕ ಹಾಕುತ್ತಿದ್ದೆ.

ಮುಸಾಫಿರಖಾನೆಯಲ್ಲಿ ಆ ಸಂಜೆ ಅಂಬಿಗ ನನ್ನ ಮೇಲೆ ತಿರುಗಿಬಿದ್ದ. ದರ್ಜಿ ಅವನ ಮುಂದೆ ಕೂತು ಕಂಡದ್ದನ್ನೆಲ್ಲ ಮತ್ತೆ ಮತ್ತೆ ವರ್ಣಿಸುತ್ತಿದ್ದ.

"ಐದು ದಿವಸ ಆತ್ರಿ ಜಗಲಿ ಮ್ಯಾಲ ಕುಂತು," ಎಂದ ಅಂಬಿಗ. "ಇಂವ ಒಂದು ಗಳಿಗಿನ್ಯಾಗ ಕಣ್ಣು ತಗೊಂಡು ಬಂದ. ನನ್ನನ್ನೂ ಅಲ್ಲಿಗೇ ಒಯ್ಯಿರಿ."

"ಕಾಕಾ, ಆ ಕಣ್ಣು ಉಳಿಯೂದಿಲ್ಲ."

"ನೀವು ಹೇಳ್ತೀರಿ. ಅವಗ ಕಾಣಾಕತ್ತದ."

ನನ್ನದು ಪುಸ್ತಕದ ಮಾತು, ದರ್ಜಿಯದು ಬೆರಳು ಎಣಿಸಿದ ಮಾತು. ಕೊನೆಗೆ ಬೂಬಮ್ಮ, "ನಾಳಿ ಮುಂಜಾನಿ ತನಕ ಎಲ್ಲೂ ಹೋಗಬ್ಯಾಡ ಅಂಬಿಗರಣ್ಣಾ. ನಾ ಒಂದು ಮಾತು ಕೇಳಿಕೊಂಡ ಬರ್ತೇನಿ" ಎಂದರು.

ಅವರು ಕೇಳಿಕೊಂಡು ಬಂದದ್ದು ಹೆಂಗಸರ ವಾರ್ಡಿನಿಂದ. ಸೂಜಿ ಚುಚ್ಚಿಸಿಕೊಂಡು ಬಂದ ಒಬ್ಬ ಹೆಂಗಸು ಅಲ್ಲಿದ್ದಾಳೆಂದು ಆಯಾಳಿಂದ ತಿಳಿದಿದ್ದರು. ಬೆಳಿಗ್ಗೆ ಆಯಾಳ ಕೈ ಹಿಡಿದು ಒಳಗೆ ಹೋಗಿ, ಅವಳ ಹಾಸಿಗೆಯ ಪಕ್ಕ ಬಹಳ ಹೊತ್ತು ಕೂತರು. ನಾನೂ ಅಂಬಿಗನೂ ಜಗಲಿಯ ಮೇಲೆ ಕಾದೆವು. ದರ್ಜಿಯನ್ನು ಕರೆತಂದಿರಲಿಲ್ಲ. ತಲೆ ನೋಯುತ್ತಿದೆ ಎಂದು ಮಲಗಿದ್ದ.

ಹೊರಗೆ ಬಂದ ಬೂಬಮ್ಮ ಅಂಬಿಗನ ಪಕ್ಕದಲ್ಲೇ ಕೂತರು. "ಹದಿನೆಂಟು ದಿನ ಕಂಡಿತಂತ ಆಕಿಗೆ. ಮೊಮ್ಮಗಳ ಮಾರಿ ನೋಡಿದಳಂತ, ಮನಿ ಮುಂದಿನ ಬೇವಿನ ಗಿಡಾ ನೋಡಿದಳಂತ. ಹತ್ತೊಂಬತ್ತಕ್ಕ ನೋವು ಹಿಡೀತು. ಈಗ ಎರಡೂ ಕಣ್ಣಾಗ ಕೀವು. ಡಾಕ್ಟರ್ ಸಾಬ್ ಎರಡೂ ತಗೀತಾರಂತ." ಅಂಬಿಗನ ಮೊಣಕೈ ಮುಟ್ಟಿ, "ಆಕಿ ಹಾಸಿಗಿ ಹತ್ರ ವಾಸನಿ ಅದ ಅಣ್ಣಾ. ಕಣ್ಣಿಲ್ಲದವರಿಗೂ ತಿಳೀತದ" ಎಂದರು.

ಅಂಬಿಗ ಮತ್ತೆ ಸೂಜಿಯವನ ಹೆಸರೆತ್ತಲಿಲ್ಲ.

ದರ್ಜಿಯ ತಲೆನೋವು ತಲೆಯದಾಗಿರಲಿಲ್ಲ. ಮಧ್ಯಾಹ್ನ ನಾನು ಮರಳಿದಾಗ ಅವನು ಗೋಡೆಗೆ ಹಣೆ ಒತ್ತಿ ಕೂತಿದ್ದ. ಬಟ್ಟೆ ಬಿಚ್ಚಿ ನೋಡಿದೆ. ರೆಪ್ಪೆ ಊದಿ ತೆರೆಯದಂತಾಗಿತ್ತು, ಕಣ್ಣು ಕೆಂಡದ ಬಣ್ಣ. ಅವನನ್ನು ನಡೆಸಿಕೊಂಡು, ಅರ್ಧ ದಾರಿ ಹೊತ್ತುಕೊಂಡು, ದವಾಖಾನೆಗೆ ತಂದೆ. ಡಾಕ್ಟರರು ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಅಂಥವನ್ನು ನೋಡಿ ನೋಡಿ ಅವರಿಗೂ ಸಾಕಾಗಿತ್ತು. ನನ್ನನ್ನು ಮೇಜಿನ ಹತ್ತಿರ ಕರೆದು ಒಂದು ಸಣ್ಣ ಸೀಸೆ ತೋರಿಸಿದರು. ಅಂದೇ ಬೆಳಿಗ್ಗೆ ಬಂದ ಕೊಕೇನ್ ಹನಿ. ಎಲ್ಲ ವಾರ್ಡಿಗೂ ಹಂಚಿ, ನಿಮ್ಮ ಮೂವರ ಪಾಲಿಗೆ ಇಬ್ಬರಿಗಾಗುವಷ್ಟು ಮಾತ್ರ ಕೊಡಬಲ್ಲೆ ಎಂದರು. ಮುಂದಿನ ಸೀಸೆ ಯಾವಾಗ ಎಂದು ತಮಗೂ ಗೊತ್ತಿಲ್ಲ ಎಂದರು.

ಅಂಬಿಗನ ಪೊರೆ ಒಡೆಯುವ ಹಂತಕ್ಕೆ ಬಂದಿತ್ತು. ಅವನದು ಮಾಡಲೇಬೇಕು. ಉಳಿದದ್ದು ಒಬ್ಬರದು. ದರ್ಜಿಯ ಕಣ್ಣೊಳಗೆ ಬಿದ್ದ ಪೊರೆಯನ್ನು ಈಗಲೇ ಹೊರತೆಗೆದು ತೊಳೆದರೆ ಕಣ್ಣು ಉಳಿಯಬಹುದು, ಉಳಿಯದೆಯೂ ಇರಬಹುದು. ಹದಿನಾರಾಣೆಯಲ್ಲಿ ನಾಲ್ಕಾಣೆ ಭರವಸೆ ಎಂದರು. ಮುದುಕಿಯ ಕಣ್ಣು ಸ್ವಚ್ಛವಾಗಿದೆ, ಮಾಡಿದರೆ ಹದಿನೈದಾಣೆ ಗೆದ್ದಂತೆ. ಆದರೆ ಅವರ ಪೊರೆ ಇನ್ನೊಂದಿಷ್ಟು ತಿಂಗಳು ಕಾಯುತ್ತದೆ. "ನೀನು ಕರೆತಂದವನು, ಯಾರ ಹೆಸರು ಬರೆಯಲಿ ಹೇಳು" ಎಂದು ಉರ್ದುವಿನಲ್ಲಿ ಕೇಳಿ, ಕೈ ತೊಳೆಯಲು ಹೋದರು.

ಅವರು ಕೈ ತೊಳೆದು ಬರುವಷ್ಟು ಹೊತ್ತು ನನಗೆ ಸಿಕ್ಕಿತು. ದರ್ಜಿಯ ಮೇಲೆ ನನಗೆ ಸಿಟ್ಟಿತ್ತು, ಅದನ್ನು ಮುಚ್ಚಿಟ್ಟು ಫಲವಿಲ್ಲ. ಹೇಳಿದ ಮಾತು ಕೇಳಿದವರನ್ನು ಬಿಟ್ಟು ಕೇಳದವನಿಗೆ ಕೊಡುವುದೇ ಎಂದು ಒಂದು ಮನಸ್ಸು. ಆದರೆ ಒಳಗೆ ಅವನು ಹಲ್ಲು ಕಚ್ಚಿ ನರಳುತ್ತಿದ್ದ, ಮತ್ತು ಅವನನ್ನು ಜಗಲಿಯ ಮೇಲೆ ಬಿಟ್ಟು ಸಹಿಗೆ ಹೋದವನು ನಾನು. ದರ್ಜಿ ಎಂದೆ. ಡಾಕ್ಟರರು ತಲೆಯಾಡಿಸಿ ಬರೆದುಕೊಂಡರು.

ಬೂಬಮ್ಮನವರಿಗೆ ನಾನೇ ಹೇಳಿದೆ. ಅವರ ಮುಖ ಗಟ್ಟಿಯಾಯಿತು.

"ನೀವು ಹೇಳಿದ ಒಂದು ಮಾತೂ ನಾ ಮೀರಿಲ್ಲ," ಎಂದರು.

"ಹೌದ್ರಿ."

"ಧೋತರ ಬಿಟ್ಟಿಲ್ಲ. ಕುಂದ್ರಿಸಿದ ಜಾಗಾದಾಗ ಕುಂತೇನಿ."

"ಹೌದ್ರಿ ಬೂಬಮ್ಮಾ."

"ಹಂಗಾದ್ರ ನನ್ನ ಹೆಸರು ಯಾಕ ಬಿಟ್ರಿ?"

ನಿಮ್ಮ ಪೊರೆ ಕಾಯುತ್ತದೆ ಎಂದೆ. ಅವರು ಸೆರಗು ಮುಖದ ಮೇಲೆ ಎಳೆದುಕೊಂಡರು. ಆಮೇಲೆ ಮೂರು ದಿನ ನನ್ನೊಡನೆ ಮಾತಾಡಲಿಲ್ಲ.

ಅಂಬಿಗನ ಶಸ್ತ್ರಚಿಕಿತ್ಸೆಗೆ ದೀಪ ಹಿಡಿಯಲು ನನ್ನನ್ನೇ ನಿಲ್ಲಿಸಿದರು, ಅಲ್ಲಿಯೂ ಆಳು ಕಡಿಮೆ ಇದ್ದರು. ಹನಿ ಹಾಕಿ, ಕಾದು, ಮತ್ತೆ ಹನಿ ಹಾಕಿ, ರೆಪ್ಪೆ ಅಗಲಿಸಿ, ಹುಲ್ಲಿನ ಎಳೆಯಂಥ ಚಾಕುವಿನಿಂದ ಕಣ್ಣಿನ ಕರಿಗುಡ್ಡೆಯ ಅಂಚನ್ನು ಒಂದೇ ಬೀಸಿನಲ್ಲಿ ಸೀಳಿದರು. ಮೆಲ್ಲಗೆ ಒತ್ತಿದಾಗ ಪೊರೆ ಹೊರಗೆ ಜಾರಿತು. ನೆನೆಸಿದ ತೊಗರಿಬೇಳೆಯಂತಿತ್ತು, ಬಣ್ಣ ಬೆಲ್ಲದ್ದು. ಇಷ್ಟು ಸಣ್ಣ ವಸ್ತು ಇಡೀ ಭೀಮಾ ನದಿಯನ್ನು ಮುಚ್ಚಿತ್ತಲ್ಲ ಎಂದುಕೊಂಡೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಎರಡೂ ಬದಿ ಮರಳಿನ ಚೀಲ ಇಟ್ಟು ಮಲಗಿಸಿದೆವು. ಹತ್ತು ದಿನ ಅಂಗಾತ. ಕೆಮ್ಮಬಾರದು, ಸೀನಬಾರದು, ನಗಬಾರದು, ಅಗಿಯಬಾರದು. ಗಂಜಿ ನಾನೇ ಚಮಚದಲ್ಲಿ ಹಾಕಿದೆ. ಅವನು ನೀರಿನಡಿಯ ಕಲ್ಲಿನಂತೆ ಬಿದ್ದುಕೊಂಡಿದ್ದ.

ದರ್ಜಿಯ ಕಣ್ಣು ಉಳಿಯಲಿಲ್ಲ. ಪೊರೆ ತೆಗೆದರು, ತೊಳೆದರು, ಇದ್ದ ಔಷಧವನ್ನೆಲ್ಲ ಹಾಕಿದರು. ನಾಲ್ಕನೆಯ ದಿನ ಕೀವು ಹೆಚ್ಚಾಗಿ, ಇನ್ನೊಂದು ಕಣ್ಣಿಗೂ ತಗಲೀತೆಂದು ಕ್ಲೋರೋಫಾರ್ಮ್ ಕೊಟ್ಟು ಕಣ್ಣುಗುಡ್ಡೆಯನ್ನೇ ತೆಗೆದರು. ಎಚ್ಚರವಾದಾಗ ಅವನು ಕೇಳಿದ್ದು, "ಬೂಬಮ್ಮನದು ಆತೇನ್ರಿ?" ಎಂದು. ಹನಿಯ ವಿಷಯ ಅವನಿಗೆ ಯಾರೋ ಹೇಳಿದ್ದರು. ಇಲ್ಲ ಎಂದೆ. ಅವನು ಗೋಡೆಯ ಕಡೆ ಹೊರಳಿದ. ಗೆದ್ದದ್ದು ಒಬ್ಬ, ಹಾಳಾದ ಹನಿ ಒಬ್ಬರದು. ಆ ಹನಿ ಮುದುಕಿಯ ಕಣ್ಣಿಗೆ ಬಿದ್ದಿದ್ದರೆ ಎಂದು ನಾನು ಎಷ್ಟು ಸಲ ಅಂದುಕೊಂಡೆನೋ ಗೊತ್ತಿಲ್ಲ.

ಆ ಹತ್ತು ದಿನ ನಾನು ವಾರ್ಡಿಗೂ ಮುಸಾಫಿರಖಾನೆಗೂ ನಡೆದದ್ದೇ ನಡೆದದ್ದು. ಒಂದು ಹೊತ್ತು ಗಂಜಿ, ಒಂದು ಹೊತ್ತು ಪಟ್ಟಿ, ನಡುವೆ ಬೂಬಮ್ಮನವರನ್ನು ಜೊತೆಗೆ ಕರೆದುಕೊಂಡೇ ತಿರುಗಬೇಕು. ಒಬ್ಬರನ್ನೇ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ಒಮ್ಮೆ ಬಿಟ್ಟು ನೋಡಿದ್ದೂ ಆಗಿತ್ತು. ನಾಲ್ಕನೆಯ ದಿನ ಬೀದಿಯಲ್ಲಿ ಅವರೇ ಬಾಯಿ ಬಿಟ್ಟರು. "ನಿಮ್ಮ ಹೆಜ್ಜಿ ಎಳೀತಾವ. ನಿನ್ನಿ ಉಂಡೀರೋ ಇಲ್ಲೋ?" ಉಂಡೆ ಎಂದೆ. "ಸುಳ್ಳು" ಎಂದರು. ಗಂಟಿನಿಂದ ಒಂದು ರೊಟ್ಟಿ ತೆಗೆದು, ನಿಂತಲ್ಲೇ ತಿನ್ನಿಸಿದರು.

ಕಲಬುರಗಿಯಲ್ಲಿ ಇಳಿದಾಗ ಅಂಬಿಗ ಪಟ್ಟಿ ಬಿಚ್ಚಿದ ಕಣ್ಣಿಗೆ ಕಟ್ಟಿದ ಹಸಿರು ಬಟ್ಟೆಯ ಮರೆಯಿಂದ ಆಕಾಶ ನೋಡುತ್ತಿದ್ದ. ದರ್ಜಿ ತಲೆ ತಗ್ಗಿಸಿ ಜೇವರ್ಗಿಯ ಬಂಡಿ ಹತ್ತಿದ. ಬೂಬಮ್ಮನವರ ಮಗ ಬಂದಿದ್ದ. ತಾಯಿಯ ಕಣ್ಣು ಹಾಗೇ ಇದ್ದದ್ದು ನೋಡಿ ಅವರ ಗಂಟು ತೆಗೆದುಕೊಂಡ. ಹೊರಡುವಾಗ ಬೂಬಮ್ಮ, "ಪೊರಿ ಕಾಯ್ತದ ಅಂದ್ರೆಲ್ಲಾ ಕಂಪೌಂಡರ್ ಸಾಬ್, ಎಷ್ಟು ದಿನ ಕಾಯ್ತದ?" ಎಂದರು.

"ದೀಪಾವಳಿ ತನಕ. ನಾನೇ ಬಂದು ಒಯ್ತೇನ್ರಿ."

ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂತು, ಕೆಲವೇ ದಿನಗಳಲ್ಲಿ ಸಂಸ್ಥಾನ ಮುಗಿಯಿತು. ಹೆದರಿ ಗಡಿ ದಾಟಿ ಹೋದವರು ಊರಿಗೆ ಮರಳಿದರು. ಅದರ ಬೆನ್ನಿಗೇ ನಮ್ಮ ಹಳ್ಳಿಗಳಲ್ಲಿ ಆದದ್ದೂ ಇದೆ. ಖಾಕಿಯವರ ಮೇಲಿನ ಸಿಟ್ಟು ಖಾಕಿ ಎಂದೂ ತೊಡದ ಮುಸಲ್ಮಾನರ ಮನೆಗಳ ಮೇಲೆ ಬಿತ್ತು. ನಮ್ಮ ದವಾಖಾನೆಗೆ ಬಂದ ಗಾಯಗಳನ್ನು ನಾನು ತೊಳೆದೆ. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ದೀಪಾವಳಿ ಹತ್ತಿರ ಬಂದಾಗ ಡಾಕ್ಟರ್ ಸಾಹೇಬರ ಚೀಟಿ ತೆಗೆದುಕೊಂಡು ಹಿರೋಳ್ಳಿಗೆ ಹೋದೆ. ಬೂಬಮ್ಮನವರ ಮನೆಯ ಗೋಡೆ ಮಾತ್ರ ನಿಂತಿತ್ತು. ಊರ ಗೌಡರು ಅವರನ್ನು ತಮ್ಮ ಮನೆಯ ಅಟ್ಟದ ಮೇಲೆ ಇಟ್ಟು ಕಾಪಾಡಿದ್ದರು. ಮಗ ಒಂದು ಮುಂಜಾನೆ ಹೊಲದ ಕಡೆ ಓಡಿದವನು ಬಂದಿರಲಿಲ್ಲ. ಆಮೇಲೂ ಬರಲಿಲ್ಲ. ನಾನು ಗೌಡರ ಅಂಗಳದಲ್ಲಿ ಬೂಬಮ್ಮನವರನ್ನು ಕಂಡು, ಇನ್ನೊಮ್ಮೆ ಬರುತ್ತೇನೆ ಎಂದು ಹೊರಡುವುದರಲ್ಲಿದ್ದೆ.

"ಯಾಕ ಹೊಂಟ್ರಿ? ಒಯ್ಯಾಕ ಬಂದೀರಲ್ಲಾ," ಎಂದರು ಬೂಬಮ್ಮ. "ಈಗ ನನಗ ಕಣ್ಣು ಬೇಕ್ರಿ. ಮಗಾ ಇದ್ದಾಗ ಅವ ನೋಡ್ತಿದ್ದ. ಈಗ ನನ್ನ ಬಾಗಲಿಗೆ ಯಾರು ಬರ್ತಾರ, ಯಾರು ಮಾರಿ ತಿರುವ್ತಾರ, ನಾನೇ ನೋಡಬೇಕು."

ದರ್ಜಿಯನ್ನೂ ಕರೆದೆ, ಅವನ ಇನ್ನೊಂದು ಕಣ್ಣಿಗೆ. ಬರುವುದಿಲ್ಲ ಎನ್ನುತ್ತಾನೆ ಎಂದುಕೊಂಡಿದ್ದೆ. ಬಂದ. ಈ ಸಲ ಗಾಡಿಯಲ್ಲಿ ಬೂಬಮ್ಮ ಒಂದು ಮಾತೂ ಆಡಲಿಲ್ಲ. ಹೋದ ಸಲ ನಮ್ಮೆಲ್ಲರ ಪರವಾಗಿ ಮಾತಾಡಿದವರು ಈಗ ಸೆರಗು ಬಿಗಿಯಾಗಿ ಎಳೆದು ಮೂಲೆಯಲ್ಲಿ ಕೂತಿದ್ದರು. ವಾಡಿಯಲ್ಲಿ ಹೊಸ ಪೋಲೀಸರು ಹತ್ತಿ ವಿಚಾರಿಸಿದಾಗ ಉತ್ತರ ಕೊಟ್ಟವನು ದರ್ಜಿ: "ನಮ್ಮ ದೊಡ್ಡವ್ವರಿ. ಇಬ್ಬರದೂ ಕಣ್ಣಿನ ಕೆಲಸ ಅದ." ಪಟ್ಟಣದಲ್ಲಿ ಅವನು ಅವರ ಪಕ್ಕ ಬಿಡಲಿಲ್ಲ. ಜಗಲಿಯ ಮೇಲೆ ಯಾರೋ ಪಾಪ, ನಿಜವಾಗಿಯೂ ಕಲಬುರಗಿಯ ಕಡೆಯವರು, ಕನ್ನಡ ಕೇಳಿ ಸಂತೋಷದಿಂದ ಮಾತಾಡಿಸಲು ಬಂದರೆ, "ಮುಂದ ಹೋಗ್ರಿ" ಎಂದು ಗದರಿದ.

ಹನಿ ಈಗ ಬೇಕಾದಷ್ಟಿತ್ತು. ಎರಡು ದಿನದಲ್ಲಿ ಇಬ್ಬರದೂ ಆಯಿತು. ಅವೇ ಮರಳಿನ ಚೀಲಗಳು, ಅದೇ ಹತ್ತು ದಿನ. ಬೂಬಮ್ಮ ಅಳುತ್ತಾರೆಂಬುದೇ ನನ್ನ ಭಯ, ಅತ್ತರೆ ಹಸಿಗಾಯ ಬಿಚ್ಚುತ್ತದೆ. ಆಯಾಳನ್ನು ದಿನಾ ಕೇಳುತ್ತಿದ್ದೆ. ಅಳಲಿಲ್ಲ ಎನ್ನುತ್ತಿದ್ದಳು. ಆ ಹತ್ತು ದಿನ ಆ ತಾಯಿ ಅದನ್ನು ಹೇಗೆ ತಡೆದುಕೊಂಡರೋ ನಾನು ಕೇಳಲಿಲ್ಲ.

ಹನ್ನೊಂದನೆಯ ದಿನ ಪಟ್ಟಿ ಬಿಚ್ಚುವಾಗ ನನ್ನನ್ನೂ ಒಳಗೆ ಕರೆದರು. ಕಿಟಕಿಗೆ ಪರದೆ ಎಳೆದಿತ್ತು. ಪೊರೆ ತೆಗೆದ ಕಣ್ಣಿಗೆ ಕನ್ನಡಕವಿಲ್ಲದೆ ಎಲ್ಲವೂ ನೀರೊಳಗೆ ಕಂಡಂತೆ. ಅದಕ್ಕೆ ಡಾಕ್ಟರರು ಪರೀಕ್ಷೆಯ ಚೌಕಟ್ಟನ್ನು ಅವರ ಮೂಗಿನ ಮೇಲಿಟ್ಟು, ದಪ್ಪ ಗಾಜು ಒಂದೊಂದಾಗಿ ಹಾಕಿ ತೆಗೆದು ನೋಡಿದರು. ನಾಲ್ಕನೆಯ ಗಾಜಿಗೆ ಬೂಬಮ್ಮನವರ ಕೈ ಹಾಸಿಗೆಯ ಅಂಚನ್ನು ಬಿಗಿಯಾಗಿ ಹಿಡಿಯಿತು. ಡಾಕ್ಟರರ ಬಿಳಿ ಗಡ್ಡ ನೋಡಿದರು. ಆಯಾಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇಂವ ಯಾರು?" ಎಂದರು.

"ನಾನ್ರೀ ಬೂಬಮ್ಮಾ. ಕಂಪೌಂಡರ್."

ಅವರು ಬಹಳ ಹೊತ್ತು ನೋಡಿದರು. ಹತ್ತಿರ ಬಾ ಎಂದು ಕೈ ಮಾಡಿದರು. ಬಗ್ಗಿದೆ. ನನ್ನ ಗಲ್ಲ ಮುಟ್ಟಿ, ಸರಿಯಾಗಿ ಮೀಸೆಯೂ ದಟ್ಟವಾಗದ ನನ್ನ ತುಟಿಯ ಮೇಲೆ ಬೆರಳಾಡಿಸಿದರು. ನನಗಾಗ ಇಪ್ಪತ್ತನಾಲ್ಕು.

"ಯಾ ಅಲ್ಲಾ," ಎಂದರು. "ಇಷ್ಟ ಸಣ್ಣಾವ ಇದ್ದೀ ಏನೋ ತಮ್ಮಾ ನೀ? ದನಿ ಕೇಳಿ ನಾ ನಿನ್ನ ಮುದುಕ ಅಂತ ತಿಳದಿದ್ದೆ."